ಅಟ್ಟದಿಂದ ಇಳಿದ ಮರೂನ್ ಉಲ್ಲನ್

ಹೆಣಿಗೆ ಕಲಿಯೋಕೆ ಶುರು ಮಾಡಿ ನಾಲ್ಕು ತಿಂಗಳಾಯ್ತು. ಮೊದಲ ಸಾಧನೆ ಒಂದು ಮಫ್ಲರ್. 30 ಕುಣಿಕೆಯಲ್ಲಿ ಶುರುವಾಗಿದ್ದು 47ರಲ್ಲಿ ಮುಗೀತು. "ಇದೇನೇ, ಬೀಸಣಿಗೆನಾ?" ಅಂದಳು ಅಮ್ಮ. ಸಾಲಿನ ಶುರುವಿನಲ್ಲಿ ದಾರ ಕಡ್ಡಿ ಮೇಲಿಂದ ಹಾದು ಹಿಂದಕ್ಕೆ ಹೋದರೆ ಒಂದೇ ಕುಣಿಕೆ ಎರಡಾಗಿ ಕಾಣುತ್ತೆ. ನಾನು ಎರಡನ್ನೂ ಹೆಣೆದುಬಿಡ್ತಿದ್ದೆ.

ಎರಡನೆಯದು ಟೋಪಿ. ತಿಪಟೂರಿನ ಗುಜರಿ ಅಂಗಡಿಯೊಂದರಲ್ಲಿ ಹಳೇ ಪಾತ್ರೆಗಳ ನಡುವೆ ಒಂದು ಕಟ್ಟು ಅಲ್ಯೂಮಿನಿಯಂ ಕಡ್ಡಿ ಸಿಕ್ಕಿತ್ತು, 40 ರೂಪಾಯಿಗೆ. ತಲೆ ಮೇಲೆ 10 ಅಂತ ಬರೆದಿತ್ತು. ವಿಡಿಯೋದವಳೂ 10ನೇ ನಂಬರ್ ಕಡ್ಡಿ ಅಂದಿದ್ದಳು. ಇನ್ನೇನು ಬೇಕು? ವಾರವಿಡೀ ಕೂತು ಹೆಣೆದ ಟೋಪಿ ಒಂದು ತೆಂಗಿನಕಾಯಿಗೆ ಸರಿಹೋಯ್ತು. ತಮಾಷೆಗೆ ಹೇಳ್ತಿಲ್ಲ, ಹಾಕಿ ನೋಡಿದೆವು. ಅಮೆರಿಕದ ಲೆಕ್ಕದಲ್ಲಿ 10 ಅಂದರೆ 6 ಮಿಲಿಮೀಟರ್ ದಪ್ಪ. ನಮ್ಮಲ್ಲಿ ಸಿಗೋ ಹಳೇ ಕಡ್ಡಿಗಳದ್ದು ಬ್ರಿಟಿಷರ ಲೆಕ್ಕ. ಅದರಲ್ಲಿ ನಂಬರ್ ಏರಿದಷ್ಟೂ ಕಡ್ಡಿ ಸಣ್ಣ, 10 ಅಂದರೆ ಬರೀ 3.25 ಮಿಲಿಮೀಟರ್. ಸೆಕೆಂಡ್‌ಹ್ಯಾಂಡ್ ಕಡ್ಡಿ ಕೊಳ್ಳೋರು ನಂಬರ್ ನೆಚ್ಚಿಕೊಳ್ಳಬೇಡಿ, ಮಿಲಿಮೀಟರ್ ಕೇಳಿ.

ಆಮೇಲೆ ಹಳೇ ಸ್ವೆಟರ್ ಹುಚ್ಚು ಹಿಡೀತು. ಬಿಚ್ಚಿದರೆ ಕಾಸಿಲ್ಲದೆ ಉಲ್ಲನ್! ಸಂತೆಯ ಹಳೇ ಬಟ್ಟೆ ರಾಶಿಯಿಂದ 60 ರೂಪಾಯಿಗೆ ಒಂದು ನೀಲಿ ಸ್ವೆಟರ್ ತಂದೆ. ಬಿಚ್ಚಲು ಕೂತರೆ ಬಂದಿದ್ದೆಲ್ಲ ಗೇಣುದ್ದದ ತುಂಡು, ಥೇಟ್ ಶ್ಯಾವಿಗೆ. ರೆಡಿಮೇಡ್ ಸ್ವೆಟರ್ ಎಷ್ಟೋ ಸಲ ಹೆಣೆದ ಬಟ್ಟೆಯನ್ನು ಕತ್ತರಿಸಿ, ಅಂಚಿಗೆ ಓವರ್‌ಲಾಕ್ ಹೊಡೆದು ಮಾಡಿರ್ತಾರೆ. ಕತ್ತರಿ ಬಿದ್ದ ಕಡೆಯೆಲ್ಲ ದಾರವೂ ತುಂಡು. ಹಾಗಾಗಿ ಈಗ ಮೊದಲು ಒಳಮೈ ತಿರುಗಿಸಿ ಪಕ್ಕದ ಹೊಲಿಗೆ ನೋಡ್ತೀನಿ. ಇನ್ನೊಂದು ಪರೀಕ್ಷೆ ಮನೆಗೆ ತಂದ ಮೇಲೆ: ಒಂದೆಳೆ ದಾರಕ್ಕೆ ಬೆಂಕಿಕಡ್ಡಿ ತಾಗಿಸಿ. ಕೂದಲು ಸುಟ್ಟ ವಾಸನೆ ಬಂದರೆ ಕುರಿ ಉಣ್ಣೆ, ಕರಗಿ ಗಟ್ಟಿ ಮಣಿಯಾದರೆ ಅಕ್ರಿಲಿಕ್.

ನಿಜವಾದ ನಿಧಿ ಸಿಕ್ಕಿದ್ದು ಮಾತ್ರ ತುರುವೇಕೆರೆ ಹತ್ತಿರದ ದೊಡ್ಡಮ್ಮನ ತೋಟದ ಮನೆಯಲ್ಲಿ. ನಮ್ಮ ಕಡೆ ಉಂಡೆ ಕೊಬ್ಬರಿ ಹೇಗಾಗುತ್ತೆ ಅಂತ ನಿಮಗೆ ಗೊತ್ತಲ್ಲ? ಕಾಯಿ ಅಟ್ಟ ಹತ್ತಿದರೆ ಹತ್ತು-ಹನ್ನೊಂದು ತಿಂಗಳು ಅಲ್ಲೇ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಗಟಗಟ ಅನ್ನೋವರೆಗೂ ಯಾರೂ ಮುಟ್ಟಲ್ಲ. ಕಾಯಿ ಇಳಿಸಿದಾಗಲೇ ಅದರ ಹಿಂದೆ ಏನಿದೆ ಅಂತ ತಿಳಿಯೋದು. ಈ ಸಲ ಒಂದು ತಗಡಿನ ಟ್ರಂಕ್ ಇಳೀತು. ಒಳಗೆ ಇಲಿ ಕಡಿದ ಕರಿ ಕಂಬಳಿ, ಅದರಡಿ ದೊಡ್ಡಪ್ಪನ ಮರೂನ್ ಸ್ವೆಟರ್. ಮದುವೆಯಾದ ಹೊಸತರಲ್ಲಿ ದೊಡ್ಡಮ್ಮನೇ ಹೆಣೆದದ್ದು. ಮೊಣಕೈ ಎರಡೂ ತೂತು. ದೊಡ್ಡಪ್ಪ ಹೋಗಿ ಆರು ವರ್ಷ.

ನಾನು ಅದನ್ನು ಮಡಿಸಿ ವಾಪಸ್ ಇಡಲು ಹೋದೆ. ಇಂಥದ್ದನ್ನು ಬಿಚ್ಚೋದುಂಟೇ?

"ಅದೇನ್ ದೇವ್ರ ಪಟವೇನೇ, ಮಡಿಕ್ಕಂಡು ನೋಡಕ್ಕೆ? ಬಿಚ್ಚಾಕು" ಅಂದಳು ದೊಡ್ಡಮ್ಮ.

"ಬೇಜಾರಾಗಲ್ವಾ ದೊಡ್ಡಮ್ಮ?"

ಅವಳು ಉತ್ತರ ಕೊಡಲಿಲ್ಲ. ಕಣ್ಣು ಮಂಜಾಗಿ ಕಡ್ಡಿ ಬಿಟ್ಟು ಬಹಳ ಕಾಲವಾಗಿದೆ. ಆದರೂ ಬೆರಳಲ್ಲೇ ತಡವಿ ಪಕ್ಕದ ಹೊಲಿಗೆ ಹುಡುಕಿದಳು, ಹಲ್ಲಲ್ಲಿ ಕಡಿದಳು. ಆಮೇಲೆ ಕುತ್ತಿಗೆ ಹತ್ತಿರ ಏನೋ ಹುಡುಕಿ ದಾರದ ತುದಿ ಎಳೆದು ನನ್ನ ಕೈಗೆ ಕೊಟ್ಟಳು. ಕೆಳಗಿನ ಪಟ್ಟಿಯಿಂದ ಹೆಣೆದದ್ದನ್ನು ಮೇಲಿಂದ ಬಿಚ್ಚಬೇಕಂತೆ, ಇಲ್ಲದಿದ್ದರೆ ಸಿಕ್ಕು. ಒಂದು ಕಡೆ ಬೆರಳು ನಿಲ್ಲಿಸಿ, "ಇಲ್ಲೊಂದು ತಪ್ಪು ಮಾಡಿದ್ದೆ. ನಿಮ್ಮ ದೊಡ್ಡಪ್ಪಂಗೆ ಕೊನೇವರ್ಗೂ ಗೊತ್ತಾಗ್ಲಿಲ್ಲ" ಅಂದಳು. ಮರುಕ್ಷಣ ಆ ಸಾಲೂ ಬಿಚ್ಚಿ ಹೋಯ್ತು.

ಕುರ್ಚಿ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಲ್ಲಿ ನೆನೆಸಿದೆವು. ಬಿಚ್ಚಿದ ಉಣ್ಣೆ ಗುಂಗುರು ಕೂದಲಿನ ಹಾಗೆ ಸುತ್ತಿಕೊಂಡಿರುತ್ತೆ. ನೇರವಾಗಬೇಕಾದರೆ ಒದ್ದೆಯಲ್ಲೇ ತೂಗುಹಾಕಿ ಕೆಳಗೆ ಸ್ವಲ್ಪ ಭಾರ ಕಟ್ಟಬೇಕು. ನಾವು ಕಟ್ಟಿದ್ದು ಸುಲಿದಿಟ್ಟ, ನೀರು ಇಂಗಿದ ಕಾಯಿ. ಭಾರ ಜಾಸ್ತಿಯಾದರೆ ಉಣ್ಣೆ ಜಗ್ಗುತ್ತೆ, ಇದು ಹದವಾಗಿತ್ತು. ಒಣಗಿದ ಮೇಲೆ ಅಡುಗೆಮನೆ ತಕ್ಕಡಿಯಲ್ಲಿಟ್ಟರೆ 400 ಗ್ರಾಂ ಮೇಲೇ ಇತ್ತು. ಮೊಣಕೈ ಭಾಗದ್ದು ಮಾತ್ರ ಗಂಟಿನ ಮೇಲೆ ಗಂಟು.

ಈಗ ಅದರಲ್ಲಿ ದೊಡ್ಡಮ್ಮನಿಗೇ ಒಂದು ಟೋಪಿ ಹಾಕ್ತಿದ್ದೀನಿ. ಬೆಂಗಳೂರಿನಿಂದ ಶನಿವಾರದ ಟ್ರೈನಲ್ಲಿ ತಿಪಟೂರು ಬರುವಷ್ಟರಲ್ಲಿ ಹನ್ನೆರಡು ಸಾಲು ಆಗುತ್ತೆ, ಸೀಟ್ ಸಿಕ್ಕರೆ. ಹೋದ ವಾರ ಅರ್ಧ ಮುಗಿದದ್ದನ್ನು ಅವಳ ಕೈಗಿಟ್ಟೆ. ಬೆರಳಲ್ಲೇ ಒಂದೊಂದಾಗಿ ಎಣಿಸಿಕೊಂಡು ಹೋದಳು.

"ಒಂದ್ ಜಾಸ್ತಿ ಐತೆ ಕಣೇ" ಅಂದಳು.