ಊರು ಬಿಟ್ಟವರು ಯಾರು? ಬಿಡಿಸಿದವರು ಯಾರು?

ಈಗ ಒಂದು ಮಾತು ಪೇಪರುಗಳಲ್ಲಿ, ಸೆಮಿನಾರುಗಳಲ್ಲಿ ಬಹಳ ಓಡಾಡ್ತಾ ಇದೆ. 'ನೋಡ್ರೀ, ಅಮೆರಿಕದಲ್ಲಿ ಜನ ಕ್ಯಾಲಿಫೋರ್ನಿಯಾ ಬಿಟ್ಟು ಟೆಕ್ಸಾಸಿಗೆ ಹೋಗ್ತಿದ್ದಾರೆ, ನ್ಯೂಯಾರ್ಕ್ ಬಿಟ್ಟು ಫ್ಲಾರಿಡಾಕ್ಕೆ ಹೋಗ್ತಿದ್ದಾರೆ. ಯಾಕೆ ಹೇಳಿ? ಅಲ್ಲಿ ತೆರಿಗೆ ಜಾಸ್ತಿ, ಇಲ್ಲಿ ಕಡಿಮೆ. ಉಳ್ಳವರಿಂದ ಕಿತ್ತು ಇಲ್ಲದವರಿಗೆ ಹಂಚೋಕೆ ಹೋದರೆ ಹೀಗೇ ಆಗೋದು. ಜನ ಗಂಟುಮೂಟೆ ಕಟ್ಟಿ ಉತ್ತರ ಕೊಡ್ತಾರೆ.'

ಕೇಳೋದಕ್ಕೆ ಸರಿ ಅನ್ನಿಸುತ್ತೆ. ಹೇಳುವವರು ಸೂಟುಬೂಟಿನವರು, ಕೈಯಲ್ಲಿ ಅಂಕಿಅಂಶ ಬೇರೆ. ಆದರೆ ಗೆಳೆಯರೇ, ಗಂಟುಮೂಟೆ ಕಟ್ಟೋದು ಅಂದರೆ ಏನು ಅಂತ ಇವರಿಗಿಂತ ನಮಗೆ ಚೆನ್ನಾಗಿ ಗೊತ್ತು. ಗುಳೆ ಹೋದವರ ಮಕ್ಕಳು ನಾವು. ಊರು ಬಿಡುವವನು ತೆರಿಗೆಯ ಪಟ್ಟಿ ಓದಿ ಬಿಡೋದಿಲ್ಲ. ಆದ್ದರಿಂದ ಅಮೆರಿಕದ ಈ ಗುಳೆಯ ಕತೆಯನ್ನು ನಾವೇ ಒಂದು ಸಲ ಬಿಚ್ಚಿ ನೋಡೋಣ.

ಮೊದಲು ಅಂಕಿ. ಅಂಕಿ ಸುಳ್ಳಲ್ಲ. 2022ರ ಜುಲೈಗೆ ಮುಗಿದ ಒಂದೇ ವರ್ಷದಲ್ಲಿ, ಒಳಗೆ ಬಂದವರನ್ನು ಕಳೆದು ಲೆಕ್ಕ ಹಾಕಿದರೆ, ಕ್ಯಾಲಿಫೋರ್ನಿಯಾದಿಂದ ಬೇರೆ ರಾಜ್ಯಗಳಿಗೆ ಹೋದವರು ಸುಮಾರು 3 ಲಕ್ಷ 43 ಸಾವಿರ. ನ್ಯೂಯಾರ್ಕಿನಿಂದ ಸುಮಾರು 3 ಲಕ್ಷ. ಅದೇ ವರ್ಷ ಬೇರೆ ರಾಜ್ಯಗಳಿಂದ ಫ್ಲಾರಿಡಾಕ್ಕೆ ಸೇರಿದವರು ಸುಮಾರು 3 ಲಕ್ಷ 19 ಸಾವಿರ, ಟೆಕ್ಸಾಸಿಗೆ ಸುಮಾರು 2 ಲಕ್ಷ 31 ಸಾವಿರ. 2020ರ ಜನಗಣತಿಯ ನಂತರ ಕ್ಯಾಲಿಫೋರ್ನಿಯಾ ತನ್ನ ಇತಿಹಾಸದಲ್ಲೇ ಮೊದಲ ಸಲ ಕೆಳಮನೆಯ ಒಂದು ಸ್ಥಾನ ಕಳೆದುಕೊಂಡಿತು; ಟೆಕ್ಸಾಸಿಗೆ ಎರಡು ಸ್ಥಾನ ಹೆಚ್ಚಾಯಿತು. ಹೋದದ್ದು ನಿಜ. ಪ್ರಶ್ನೆ ಇರೋದು ಯಾರು ಹೋದರು, ಯಾಕೆ ಹೋದರು ಅನ್ನೋದರಲ್ಲಿ.

ಟೆಕ್ಸಾಸಿನಲ್ಲೂ ಫ್ಲಾರಿಡಾದಲ್ಲೂ ರಾಜ್ಯ ಸರ್ಕಾರದ ಆದಾಯ ತೆರಿಗೆ ಇಲ್ಲ. ಹಾಗಂತ ತೆರಿಗೆಯೇ ಇಲ್ಲ ಅಂತ ಅಲ್ಲ. ಅಂಗಡಿಯಲ್ಲಿ ಸಾಮಾನು ಕೊಂಡಾಗ ಮಾರಾಟ ತೆರಿಗೆ ಕಟ್ಟಬೇಕು, ಮನೆಗೆ ಕಂದಾಯ ಕಟ್ಟಬೇಕು, ಬಾಡಿಗೆಯವನು ಆ ಕಂದಾಯವನ್ನು ಬಾಡಿಗೆಯಲ್ಲೇ ಕಟ್ಟಬೇಕು. ಕೋಟ್ಯಧಿಪತಿಗೂ ಕೂಲಿಯವಳಿಗೂ ಅಂಗಡಿಯಲ್ಲಿ ಒಂದೇ ದರ. ಹಾಗಾಗಿ ಬಡವರ ಗಳಿಕೆಯಲ್ಲಿ ತೆರಿಗೆಗೆ ಹೋಗುವ ಪಾಲು ಕ್ಯಾಲಿಫೋರ್ನಿಯಾಕ್ಕಿಂತ ಈ ಎರಡು ರಾಜ್ಯಗಳಲ್ಲೇ ಹೆಚ್ಚು. ತೆರಿಗೆ ಕಡಿಮೆ ಆದದ್ದು ಸಾಹುಕಾರನಿಗೆ. ಆದರೆ ಬಹುಕಾಲದಿಂದ ಕ್ಯಾಲಿಫೋರ್ನಿಯಾ ಬಿಟ್ಟವರಲ್ಲಿ ಕಡಿಮೆ ಮತ್ತು ಮಧ್ಯಮ ಆದಾಯದವರೇ ಹೆಚ್ಚು. ಮನೆಯಲ್ಲಿ ಕೂತು ಕಂಪ್ಯೂಟರಿನಲ್ಲಿ ಕೆಲಸ ಮಾಡುವ ದೊಡ್ಡ ಸಂಬಳದವರು ಜಾಸ್ತಿ ಹೊರಟಿದ್ದು 2020ರ ಕೊರೊನಾ ಕಾಲದಿಂದ ಈಚೆಗೆ. ತೆರಿಗೆ ಹೆದರಿಸಿದ್ದರೆ ಮೊದಲು ಓಡಬೇಕಾದವನು ಸಾಹುಕಾರ. ಅವನು ಬೆಟ್ಟದ ಮೇಲಿನ ಬಂಗಲೆಯಲ್ಲಿ ಉಳಿದ. ಅವನ ಮನೆ ಗುಡಿಸುವವಳು ಊರು ಬಿಟ್ಟಳು. ಇದು ಯಾವ ಲೆಕ್ಕ ಸ್ವಾಮಿ?

ಅವಳನ್ನು ಓಡಿಸಿದ್ದು ಸೂರು. 2022ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಂದು ಸಾಧಾರಣ ಮನೆಯ ಬೆಲೆ 8 ಲಕ್ಷ ಡಾಲರ್ ದಾಟಿತ್ತು; ಟೆಕ್ಸಾಸಿನಲ್ಲಿ ಅದರ ಅರ್ಧಕ್ಕೂ ಕಡಿಮೆ. ಯಾಕೆ? ಅಲ್ಲಿ ಮನೆ ಕಟ್ಟೋದಕ್ಕೆ ಬಿಡಲಿಲ್ಲ. ಬರ್ಕ್ಲಿ ಊರಿನಲ್ಲಿ 1916ರಲ್ಲಿ ಒಂದು ನಿಯಮ ತಂದರು: ಈ ಬಡಾವಣೆಯಲ್ಲಿ ಒಂದು ನಿವೇಶನಕ್ಕೆ ಒಂದೇ ಕುಟುಂಬದ ಮನೆ ಇರಬೇಕು. ನೋಡೋಕೆ ಶಿಸ್ತಿನ ನಿಯಮ. ಒಳಗಿನ ಅರ್ಥ ಬೇರೆ: ಬಾಡಿಗೆಯವರು, ಕಪ್ಪು ಜನ, ಚೀನೀಯರು ಪಕ್ಕಕ್ಕೆ ಬರಬಾರದು. ಆ ನಿಯಮ ರಾಜ್ಯದ ತುಂಬ ಹಬ್ಬಿತು. 1963ರಲ್ಲಿ ಅಲ್ಲಿನ ಶಾಸನಸಭೆ, ಬಣ್ಣ ನೋಡಿ ಮನೆ ಕೊಡಬಾರದು ಅಂತ ಕಾನೂನು ಮಾಡಿತು. ಮಾರನೆಯ ವರ್ಷವೇ ಜನ ಓಟು ಹಾಕಿ, ಸುಮಾರು ಮೂರರಲ್ಲಿ ಎರಡು ಪಾಲು ಬಹುಮತದಿಂದ, ಆ ಕಾನೂನನ್ನು ಕಿತ್ತೆಸೆದರು. ನ್ಯಾಯಾಲಯ ಮಧ್ಯೆ ಬಂದು ಅದನ್ನು ಸರಿಮಾಡಬೇಕಾಯಿತು. ಪ್ರಗತಿಪರ ಅಂತ ಹೆಸರು ಪಡೆದ ಕ್ಯಾಲಿಫೋರ್ನಿಯಾ ಇದೇ. ಊರ ಬೇಲಿಗೆ ಎಡ ಬಲ ಅನ್ನೋದಿಲ್ಲ. ನಮ್ಮಲ್ಲೂ ಸಮಾನತೆಯ ಭಾಷಣ ಮಾಡುವವರೇ ಬಾಡಿಗೆಗೆ ಕೊಡುವಾಗ 'ನೀವು ಯಾವ ಪೈಕಿ?' ಅಂತ ಕೇಳೋದಿಲ್ಲವೇ?

ಈಗ ನೂರು ವರ್ಷ ಹಿಂದಕ್ಕೆ ಹೋಗೋಣ. ಯಾವ ದಕ್ಷಿಣಕ್ಕೆ ಜನ ಇವತ್ತು ನುಗ್ಗುತ್ತಿದ್ದಾರೆ ಅಂತ ಕೊಂಡಾಡುತ್ತಾರೋ, ಅದೇ ದಕ್ಷಿಣದಿಂದ 1910ರಿಂದ 1970ರವರೆಗೆ ಸುಮಾರು 60 ಲಕ್ಷ ಕಪ್ಪು ಜನ ಹೊರಟು ಹೋದರು. 1910ರಲ್ಲಿ ಅಮೆರಿಕದ ಕಪ್ಪು ಜನರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ದಕ್ಷಿಣದಲ್ಲಿದ್ದರು. 1970ಕ್ಕೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ ಉಳಿದಿದ್ದರು. ಆಗ ದಕ್ಷಿಣದಲ್ಲಿ ತೆರಿಗೆ ಜಾಸ್ತಿ ಇತ್ತೇ? ಹೌದು, ಒಂದು ತೆರಿಗೆ ಇತ್ತು: ಓಟು ಹಾಕುವುದಕ್ಕೆ ಕಟ್ಟಬೇಕಾದ ತೆರಿಗೆ. ಟೆಕ್ಸಾಸಿನಲ್ಲಿ ಅದನ್ನು 1902ರಲ್ಲಿ ತಂದರು, ಪೂರ್ತಿ ಹೋಗಿದ್ದು 1966ರಲ್ಲಿ. ನಮ್ಮ ತೆರಿಗೆ ಪಂಡಿತರು ಈ ತೆರಿಗೆಯ ಬಗ್ಗೆ ಮಾತಾಡಿದ್ದನ್ನು ನಾನು ಕೇಳಿಲ್ಲ.

ಜೀತ ಕಾನೂನಿನಲ್ಲಿ 1865ರಲ್ಲೇ ಮುಗಿದಿತ್ತು. ನೆಲ ಮಾತ್ರ ಧಣಿಯ ಕೈಯಲ್ಲೇ ಉಳಿಯಿತು. ಕಪ್ಪು ಕುಟುಂಬ ಅದೇ ನೆಲವನ್ನು ವಾರಕ್ಕೆ ಮಾಡಬೇಕು. ಬೀಜ ಧಣಿಯದು, ಹೇಸರಗತ್ತೆ ಧಣಿಯದು, ಅಂಗಡಿ ಧಣಿಯದು, ಲೆಕ್ಕದ ಪುಸ್ತಕವೂ ಧಣಿಯದು. ಹತ್ತಿ ಬಿಡಿಸಿ, ತೂಕ ಹಾಕಿ, ವರ್ಷದ ಕೊನೆಗೆ ಲೆಕ್ಕ ಕೇಳಿದರೆ 'ನೀನೇ ನನಗೆ ಕೊಡಬೇಕು' ಅನ್ನುತ್ತಿದ್ದ. ಎದುರು ಮಾತಾಡಿದರೆ ಹಗ್ಗ ಮತ್ತು ಮರ. 1877ರಿಂದ 1950ರವರೆಗೆ ದಕ್ಷಿಣದ ಹನ್ನೆರಡು ರಾಜ್ಯಗಳಲ್ಲಿ ಬಿಳಿಯರ ಗುಂಪುಗಳು ಹೀಗೆ ಕೊಂದವರು 4,000ಕ್ಕೂ ಹೆಚ್ಚು. ಈ ಲೆಕ್ಕದ ಪುಸ್ತಕವನ್ನು ನಾವು ನೋಡಿಲ್ಲವೇ? ನಮ್ಮ ಅಜ್ಜಂದಿರು ಹೆಬ್ಬೆಟ್ಟು ಒತ್ತಿದ್ದು ಇಂಥದ್ದೇ ಪುಸ್ತಕದ ಮೇಲೆ.

1892ರಲ್ಲಿ ಮೆಂಫಿಸ್ ನಗರದಲ್ಲಿ ಮೂವರು ಕಪ್ಪು ಜನರನ್ನು ಕೊಂದರು. ಅವರ ತಪ್ಪು, ಒಂದು ದಿನಸಿ ಅಂಗಡಿ ಇಟ್ಟು ಪಕ್ಕದ ಬಿಳಿಯ ವ್ಯಾಪಾರಿಗೆ ಪೈಪೋಟಿ ಕೊಟ್ಟದ್ದು. ಅದೇ ಊರಲ್ಲಿ ಐಡಾ ವೆಲ್ಸ್ ಎಂಬ ಹೆಣ್ಣುಮಗಳು ಒಂದು ಸಣ್ಣ ಪತ್ರಿಕೆ ನಡೆಸುತ್ತಿದ್ದಳು. ಮೊದಲು ಶಾಲೆಯ ಟೀಚರಾಗಿದ್ದವಳು. ಈ ಊರಲ್ಲಿ ನಮಗೆ ರಕ್ಷಣೆ ಇಲ್ಲ, ನ್ಯಾಯ ಇಲ್ಲ, ಬಿಟ್ಟು ನಡೆಯಿರಿ ಅಂತ ಬರೆದಳು. ಸಾವಿರಾರು ಜನ ನಡೆದೇಬಿಟ್ಟರು. ಟ್ರಾಮು ಖಾಲಿ ಓಡಿತು. ಟ್ರಾಮು ಕಂಪನಿಯ ಅಧಿಕಾರಿಗಳು ಅವಳ ಕಚೇರಿಗೇ ಬಂದು, ನಿಮ್ಮ ಜನಕ್ಕೆ ಹತ್ತೋಕೆ ಹೇಳಿ ಅಂತ ಕೇಳಿಕೊಂಡರು. ಬಿಳಿಯರ ಗುಂಪು ಅವಳ ಪತ್ರಿಕಾ ಕಚೇರಿಯನ್ನು ಧ್ವಂಸ ಮಾಡಿತು. ಅವಳು ಬರೆಯೋದನ್ನು ನಿಲ್ಲಿಸಲಿಲ್ಲ.

ಇದನ್ನು ಓಡಿಹೋಗುವುದು ಅಂತ ಕರೆಯಬಹುದೇ? ಊರು ನಮಗೆ ಬಹಿಷ್ಕಾರ ಹಾಕೋದು ಗೊತ್ತು. ಇಲ್ಲಿ ಜನವೇ ಊರಿಗೆ ಬಹಿಷ್ಕಾರ ಹಾಕಿದ್ದರು. ಇದು ಮುಷ್ಕರ.

ಮುಷ್ಕರ ಅಂತ ಧಣಿಗಳಿಗೂ ಅರ್ಥವಾಯಿತು. ಮೊದಲ ಮಹಾಯುದ್ಧದಲ್ಲಿ ಯೂರೋಪಿನ ಕೂಲಿಗಳು ಬರೋದು ನಿಂತು, ಉತ್ತರದ ಕಾರ್ಖಾನೆಗಳು ಕಪ್ಪು ಜನರನ್ನು ಕರೆದವು. ಆಗ ದಕ್ಷಿಣದ ಸರ್ಕಾರಗಳು ಏನು ಮಾಡಿದವು? ಜಾರ್ಜಿಯಾದ ಮೇಕನ್ ನಗರದಲ್ಲಿ ಕೂಲಿಯಾಳು ಕರೆಯಲು ಬರುವ ಏಜೆಂಟನಿಗೆ 25,000 ಡಾಲರ್ ಲೈಸೆನ್ಸ್ ಶುಲ್ಕ ಹಾಕಿದರು. ರೈಲ್ವೆ ಸ್ಟೇಷನ್ನುಗಳಲ್ಲಿ ಪೊಲೀಸರು ಜನರನ್ನು ಹಿಡಿದು ಇಳಿಸಿದರು. ಉತ್ತರಕ್ಕೆ ಬನ್ನಿ ಎಂದು ಬರೆಯುತ್ತಿದ್ದ 'ಶಿಕಾಗೊ ಡಿಫೆಂಡರ್' ಪತ್ರಿಕೆಯನ್ನು ಕಿತ್ತುಕೊಂಡರು. ರೈಲಿನ ಕಪ್ಪು ನೌಕರರು ಅದನ್ನು ಕದ್ದುಮುಚ್ಚಿ ಹಂಚಿದರು. ಜನ ಇಷ್ಟಬಂದಲ್ಲಿ ಹೋಗಬಹುದು ಅನ್ನುವ ಸ್ವಾತಂತ್ರ್ಯದ ನಾಡು ಇದು! ಕೂಲಿಯವನು ಹೊರಟಾಗ ಮಾತ್ರ ಸ್ವಾತಂತ್ರ್ಯಕ್ಕೆ ಲೈಸೆನ್ಸ್ ಬೇಕಾಯಿತು. 1944ರಲ್ಲಿ ಮಿಸಿಸಿಪ್ಪಿಯ ಹೊಲಕ್ಕೆ ಹತ್ತಿ ಬಿಡಿಸುವ ಯಂತ್ರ ಬಂತು. ಆಮೇಲೆ ಇದೇ ಧಣಿಗಳಿಗೆ ಇದೇ ಜನ ಬೇಡವಾದರು. ಬೇಕಾದಾಗ ಹೋಗಬಾರದು, ಬೇಡವಾದಾಗ ಇರಬಾರದು.

ಹೋದವರಿಗೆ ಉತ್ತರದಲ್ಲಿ ಸ್ವರ್ಗ ಸಿಕ್ಕಿತೇ? ಕೂಲಿ ಸಿಕ್ಕಿತು, ಓಟು ಸಿಕ್ಕಿತು, ಮಕ್ಕಳಿಗೆ ಶಾಲೆ ಸಿಕ್ಕಿತು. ಇದನ್ನು ಸಣ್ಣದು ಅನ್ನಬೇಡಿ. ಆದರೆ ಬೇಲಿ ಅವರಿಗಿಂತ ಮುಂಚೆ ಅಲ್ಲಿಗೆ ತಲುಪಿತ್ತು. 1919ರಲ್ಲಿ ಶಿಕಾಗೊದ ಸರೋವರದಲ್ಲಿ ಈಜುತ್ತಿದ್ದ ಯೂಜಿನ್ ವಿಲಿಯಮ್ಸ್ ಎಂಬ 17 ವರ್ಷದ ಹುಡುಗ ಬಿಳಿಯರ ಕಡೆಯ ನೀರಿಗೆ ತೇಲಿಹೋದ. ಕಲ್ಲು ಹೊಡೆದರು, ಹುಡುಗ ಮುಳುಗಿ ಸತ್ತ. ಆಮೇಲಿನ ಗಲಭೆಯಲ್ಲಿ 38 ಜನ ಸತ್ತರು. ನೀರಿಗಾಗಿ ಹೊಡೆತ! ಮಹಾಡದ ಕೆರೆಯ ಕತೆ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1930ರ ದಶಕದಲ್ಲಿ ಸರ್ಕಾರವೇ ನಗರಗಳ ನಕ್ಷೆ ಬರೆಸಿ ಕಪ್ಪು ಜನರ ಬಡಾವಣೆಗಳಿಗೆ ಕೆಂಪು ಬಣ್ಣ ಬಳಿಸಿತು. ಕೆಂಪು ಇದ್ದ ಕಡೆ ಮನೆ ಸಾಲ ಹುಟ್ಟುತ್ತಿರಲಿಲ್ಲ. ಬಿಳಿಯರು ಸಾಲ ಪಡೆದು ಮನೆ ಕಟ್ಟಿದರು, ಆ ಮನೆಯ ಬೆಲೆ ಮಕ್ಕಳಿಗೆ ಆಸ್ತಿಯಾಯಿತು. ಕಪ್ಪು ಜನ ಮೂರು ತಲೆಮಾರು ಬಾಡಿಗೆ ಕಟ್ಟಿದರು. ಇವತ್ತು ಒಬ್ಬ ಮನೆ ಮಾರಿ ಲಾಭದ ಗಂಟು ಹೊತ್ತು ಫ್ಲಾರಿಡಾಕ್ಕೆ ಹೋಗ್ತಾನೆ. ಇನ್ನೊಬ್ಬ ಬಾಡಿಗೆ ಕಟ್ಟಲಾಗದೆ ಹೋಗ್ತಾನೆ. ಲೆಕ್ಕ ಬರೆಯುವವನು ಇಬ್ಬರನ್ನೂ ಒಂದೇ ಕಲಮಿನಲ್ಲಿ ಕೂಡಿಸಿ 'ಜನ ಹೊರಟರು' ಅಂತ ಬರೀತಾನೆ.

ಓಕ್ಲೆಂಡನ್ನೇ ನೋಡಿ. ಆ ಊರಿಗೂ ನಮಗೂ ನಂಟಿದೆ. ಯುದ್ಧದ ಕಾಲದಲ್ಲಿ ಹಡಗು ಕಟ್ಟುವ ಕೆಲಸ ಹುಡುಕಿ ಲೂಯಿಸಿಯಾನ, ಟೆಕ್ಸಾಸುಗಳಿಂದ ಕಪ್ಪು ಜನ ಅಲ್ಲಿಗೆ ಬಂದರು. ಹ್ಯೂಯಿ ನ್ಯೂಟನ್ ಹುಟ್ಟಿದ್ದು ಲೂಯಿಸಿಯಾನದಲ್ಲಿ, ಬಾಬಿ ಸೀಲ್ ಹುಟ್ಟಿದ್ದು ಟೆಕ್ಸಾಸಿನಲ್ಲಿ. ಹೀಗೆ ಊರು ಬಿಟ್ಟು ಬಂದ ಕುಟುಂಬಗಳ ಈ ಇಬ್ಬರು ಹುಡುಗರು 1966ರಲ್ಲಿ ಓಕ್ಲೆಂಡಿನಲ್ಲಿ ಬ್ಲ್ಯಾಕ್ ಪ್ಯಾಂಥರ್ ಪಕ್ಷ ಕಟ್ಟಿದರು. ಅವರ ಹತ್ತು ಬೇಡಿಕೆಗಳಲ್ಲಿ ಮನುಷ್ಯರು ಇರಬಹುದಾದ ಮನೆಯೂ ಒಂದು. ಆ ಹೆಸರು ಸಮುದ್ರ ದಾಟಿ ಬಂದು 1972ರಲ್ಲಿ ಮುಂಬಯಿಯಲ್ಲಿ ದಲಿತ ಪ್ಯಾಂಥರ್ ಆಯಿತು. ಅದಕ್ಕೂ ಮುಂಚೆ, 1946ರಲ್ಲೇ, ಬಾಬಾಸಾಹೇಬರು ಕಪ್ಪು ಜನರ ಚಿಂತಕ ಡು ಬಾಯ್ಸ್ ಅವರಿಗೆ ಪತ್ರ ಬರೆದಿದ್ದರು. ನಮ್ಮ ನೋವು ಒಂದೇ ಬಳಗದ್ದು ಅಂತ ನಮ್ಮ ಹಿರಿಯರಿಗೆ ಗೊತ್ತಿತ್ತು.

ಆ ಓಕ್ಲೆಂಡಿನಲ್ಲಿ 1980ರಲ್ಲಿ ನೂರಕ್ಕೆ ಸುಮಾರು 47 ಮಂದಿ ಕಪ್ಪು ಜನ. 2020ರಲ್ಲಿ ಸುಮಾರು 22. ಪ್ಯಾಂಥರ್ ಹುಟ್ಟಿದ ಕೇರಿಯಲ್ಲಿ ಕಪ್ಪು ಜನಕ್ಕೆ ಬಾಡಿಗೆ ಕಟ್ಟಲು ಆಗುತ್ತಿಲ್ಲ. ಅವರ ಮೊಮ್ಮಕ್ಕಳು ಅಜ್ಜ ಬಿಟ್ಟುಬಂದ ಟೆಕ್ಸಾಸಿಗೇ ಮರಳುತ್ತಿದ್ದಾರೆ. 1970ರ ದಶಕದಿಂದ ಅಟ್ಲಾಂಟ, ಡಲ್ಲಾಸ್, ಹ್ಯೂಸ್ಟನ್ ಕಡೆಗೆ ಈ ಮರುವಲಸೆ ನಡೆದೇ ಇದೆ. ಕೆಲವರು ಕೆಲಸಕ್ಕೆ, ಕೆಲವರು ನೆಂಟರಿಗಾಗಿ, ಕೆಲವರು ಕೈಗೆಟುಕುವ ಸೂರಿಗಾಗಿ. ಕಪ್ಪು ಜನ ದಕ್ಷಿಣಕ್ಕೆ ಮರಳಿ, ಒಂದೆಡೆ ಕೂಡಿ, ಅಧಿಕಾರ ಹಿಡಿಯಬೇಕು ಎಂದು ಚಾರ್ಲ್ಸ್ ಬ್ಲೋ ಎಂಬ ಲೇಖಕ 2021ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಆ ಮಾತಿನಲ್ಲಿ ಹುರುಳಿದೆ. ಮರಳಿದವರೂ, ಊರಲ್ಲೇ ಉಳಿದು ಸಂಘಟನೆ ಕಟ್ಟಿದವರೂ ಸೇರಿ 2021ರ ಜನವರಿಯಲ್ಲಿ ಜಾರ್ಜಿಯಾದಿಂದ ಮೊದಲ ಬಾರಿಗೆ ಒಬ್ಬ ಕಪ್ಪು ವ್ಯಕ್ತಿಯನ್ನು, ರಾಫೆಲ್ ವಾರ್ನಾಕ್ ಅವರನ್ನು, ಸೆನೆಟ್ಟಿಗೆ ಗೆಲ್ಲಿಸಿದರು.

ಹಾಗಾದರೆ ಟೆಕ್ಸಾಸ್ ಬದಲಾಯಿತೇ? ಅರ್ಧ ಬದಲಾಯಿತು. ಬದಲಾಯಿಸಿದ್ದು 1965ರ ಮತದಾನದ ಹಕ್ಕಿನ ಕಾನೂನು ಮತ್ತು ಅದಕ್ಕಾಗಿ ರಕ್ತ ಕೊಟ್ಟವರು. ಕಡಿಮೆ ತೆರಿಗೆ ಅಲ್ಲ. ಧಣಿತನ ಹಾಗೇ ಇದೆ. 2024ರಲ್ಲಿ ಗಂಟೆಯ ಕನಿಷ್ಠ ಕೂಲಿ ಕ್ಯಾಲಿಫೋರ್ನಿಯಾದಲ್ಲಿ 16 ಡಾಲರ್, ಟೆಕ್ಸಾಸಿನಲ್ಲಿ 2009ರಿಂದ ಅಲುಗದ 7.25 ಡಾಲರ್. ಆಸ್ಟಿನ್, ಡಲ್ಲಾಸ್ ನಗರಗಳು ಬಿಸಿಲಲ್ಲಿ ಕಟ್ಟಡ ಕಟ್ಟುವವರಿಗೆ ನಾಲ್ಕು ಗಂಟೆಗೊಮ್ಮೆ ಹತ್ತು ನಿಮಿಷ ಬಿಡುವು ಕೊಡಬೇಕು ಅಂತ ನಿಯಮ ಮಾಡಿದ್ದವು. 2023ರಲ್ಲಿ ರಾಜ್ಯದ ಶಾಸನಸಭೆ, ಇಂಥ ನಿಯಮ ಮಾಡುವ ಅಧಿಕಾರವೇ ನಗರಗಳಿಗೆ ಇಲ್ಲ ಎಂದು ಕಾನೂನು ತಂದಿತು. 2024ರಲ್ಲಿ ಫ್ಲಾರಿಡಾವೂ ಬಿಸಿಲಿನ ರಕ್ಷಣೆಯ ನಿಯಮ ಮಾಡದಂತೆ ಊರುಗಳ ಕೈಕಟ್ಟಿತು. ಹತ್ತು ನಿಮಿಷ ನೆರಳು, ಒಂದು ಲೋಟ ನೀರು. ಅದನ್ನೂ ಕೊಡದ ನಾಡಿಗೆ ಜನ ಪ್ರೀತಿಯಿಂದ ಹೋಗ್ತಾರೆ ಅಂತ ಹೇಳುವವರ ನಾಲಿಗೆಗೆ ಏನನ್ನಬೇಕು?

ನಮ್ಮವರ ಮಾತೂ ಬರಲಿ. ಇಲ್ಲಿಂದ ಅಮೆರಿಕಕ್ಕೆ ಹೋಗಿ, ಅಲ್ಲೂ ಈ ರಾಜ್ಯದಿಂದ ಆ ರಾಜ್ಯಕ್ಕೆ ಕೆಲಸ ಬದಲಾಯಿಸುವ ಮೇಲ್ಜಾತಿಯ ಜಾಣರು 'ಇಲ್ಲಿ ಜಾತಿ ಗೀತಿ ಇಲ್ಲಪ್ಪ' ಅಂತ ಹೇಳ್ತಾರೆ. ಇಲ್ಲದಿದ್ದರೆ 2023ರ ಫೆಬ್ರವರಿಯಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯದ ವಿರುದ್ಧ ಕಾನೂನು ಯಾಕೆ ಮಾಡಬೇಕಾಯಿತು? ಅದೇ ವರ್ಷ ಕ್ಯಾಲಿಫೋರ್ನಿಯಾದ ಶಾಸನಸಭೆ ಒಪ್ಪಿದ ಅಂಥದ್ದೇ ಮಸೂದೆಯನ್ನು ಅಕ್ಟೋಬರಿನಲ್ಲಿ ಗವರ್ನರ್ ತಡೆದರು. ವಿಮಾನದಲ್ಲಿ ಉಪ್ಪಿನಕಾಯಿಯ ಜೊತೆ ಬೇಲಿಯನ್ನೂ ಕಟ್ಟಿಕೊಂಡು ಹೋದವರು ನಮ್ಮವರು.

ಹಾಗಾಗಿ, ಗೆಳೆಯರೇ, ಮೇಷ್ಟ್ರೇ, ಈ ಮಾತು ನಿಮ್ಮ ಕ್ಲಾಸಿಗೆ, ನಿಮ್ಮ ಊರಿನ ಸಭೆಗೆ ಬಂದಾಗ ಸುಮ್ಮನೆ ಕೇಳಿಸಿಕೊಂಡು ಕೂರಬೇಡಿ. ಹೋದವನಿಗೆ ಬಿಟ್ಟ ಊರಲ್ಲಿ ಸ್ವಂತ ಮನೆ ಇತ್ತೇ ಅಂತ ಕೇಳಿ. ಹೋದ ಊರಲ್ಲಿ ಅವನ ಕೂಲಿ ಎಷ್ಟು, ಅವನ ಓಟಿಗೆ ಬೆಲೆ ಎಷ್ಟು ಅಂತ ಕೇಳಿ. ಉಳಿಯಬೇಕು ಅನ್ನಿಸಿದ್ದರೆ ಉಳಿಯೋಕೆ ಆಗ್ತಿತ್ತೇ ಅಂತ ಕೇಳಿ.

ಹೋಗುವ ಹಕ್ಕು ದೊಡ್ಡದು. ಐಡಾ ವೆಲ್ಸ್ ಅದಕ್ಕಾಗಿ ಬರೆದಳು, 60 ಲಕ್ಷ ಜನ ಅದನ್ನು ನಡೆದು ತೋರಿಸಿದರು. ಆದರೆ ಉಳಿಯುವ ಹಕ್ಕಿಲ್ಲದೆ ಹೋಗುವ ಹಕ್ಕು ಅರ್ಧ ಹಕ್ಕು. ಸ್ವಂತ ಸೂರು, ಸರಿಯಾದ ಕೂಲಿ, ಎಣಿಕೆಗೆ ಬರುವ ಓಟು ಸಿಗುವವರೆಗೆ ಮಿಸಿಸಿಪ್ಪಿಯಿಂದ ಶಿಕಾಗೊಗೆ, ಶಿಕಾಗೊದಿಂದ ಟೆಕ್ಸಾಸಿಗೆ ಎಷ್ಟು ಸಲ ಊರು ಬದಲಾಯಿಸಿದರೂ, ಸಿಗೋದು ಮತ್ತೊಂದು ಕೇರಿ. ಆ ಕೇರಿಯಲ್ಲಿ ಸಂಘಟನೆ ಕಟ್ಟುವುದೇ ಅವರ ಮುಂದೆ ಉಳಿದಿರುವ ಕೆಲಸ. ನಮ್ಮ ಮುಂದೆ ಇರುವುದೂ ಅದೇ.