ಹಳೆಯ ಲ್ಯಾಪ್‌ಟಾಪನ್ನು ಕೊಳ್ಳುವ ವಿಚಾರ

ಹಳೆಯ ಗ್ರಂಥಕ್ಕೆ ನಮ್ಮಲ್ಲಿ ಬೆಲೆಯುಂಟು, ಹಳೆಯ ತಂಬೂರಿಗೂ ಉಂಟು. ಹಳೆಯ ಗಣಕಯಂತ್ರಕ್ಕೆ ಮಾತ್ರ ಗುಜರಿಯ ತಕ್ಕಡಿಯೇ ಗತಿ. ಈ ತೀರ್ಪು ನ್ಯಾಯವಾದುದೆಂದು ನನಗೆ ತೋರುವುದಿಲ್ಲ.

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಅನಂತರದ ವಿಂಡೋಸ್ 11 ಸುಮಾರು 2018ಕ್ಕೆ ಹಿಂದಿನ ಬಹುಪಾಲು ಯಂತ್ರಗಳನ್ನು ಅಂಗೀಕರಿಸುವುದಿಲ್ಲ. ಹಿಂದಿನ ಸಂಜೆ ಪಾಠದ ಟಿಪ್ಪಣಿಯನ್ನು ಬರೆದುಕೊಟ್ಟ ಯಂತ್ರ ಮರುದಿನ ಬೆಳಗ್ಗೆ ಅಯೋಗ್ಯವಾಯಿತಂತೆ! ಅದರ ಕೀಲಿಯೊಂದೂ ಸಡಿಲವಾಗಿಲ್ಲ. ಒಡೆಯ ಕೈಬಿಟ್ಟಿದ್ದಾನೆ, ಅಷ್ಟೆ.

ಈ ಮಾತನ್ನು ಎತ್ತಲು ಕಾರಣ ನನ್ನ ತರಗತಿಯ ಒಬ್ಬ ವಿದ್ಯಾರ್ಥಿನಿ. “ಹೊಸದನ್ನು ಕೊಳ್ಳಲು ಮನೆಯಲ್ಲಿ ಅನುಕೂಲವಿಲ್ಲ ಸರ್, ಪ್ರಬಂಧವನ್ನು ಮೊಬೈಲಿನಲ್ಲೇ ಬರೆದುಬಿಡಲೇ?” ಎಂದಳು. ಅಂಗೈಯಗಲದ ಪರದೆಯಲ್ಲಿ ಹೆಬ್ಬೆರಳಿನಿಂದ ಎಂ.ಎ. ಪ್ರಬಂಧ! ಹಿಂದಿನ ಪುಟವನ್ನು ಮುಂದಿನದರ ಜೊತೆಗಿಟ್ಟು ನೋಡಲಾಗದವರು ತಮ್ಮ ವಾಕ್ಯವನ್ನು ತಿದ್ದುವುದು ಹೇಗೆ? ಹಳೆಯದನ್ನು ಕೊಳ್ಳೆಂದು ಹೇಳಿದೆ.

ಆದರೆ ಎಂಥ ಹಳೆಯದು? ಈ ವಿವೇಕವನ್ನು ನಾನು ಹಣ ಕಳೆದುಕೊಂಡು ಕಲಿತೆ. ರೂಪಕ್ಕೆ ಮರುಳಾಗಿ 2006ರ ಥಿಂಕ್‌ಪ್ಯಾಡ್ ಎಕ್ಸ್60 ಒಂದನ್ನು ಮನೆಗೆ ತಂದೆ. ಅದರ ಸಂಸ್ಕಾರಕ 32 ಬಿಟ್‌ನದು. ಇಂಥ ಯಂತ್ರಗಳನ್ನು ಬಹುಕಾಲ ಪೋಷಿಸಿದ ಡೆಬಿಯನ್ ಕೂಡ 2025ರ ಆಗಸ್ಟಿನಲ್ಲಿ ಬಂದ 13ನೆಯ ಆವೃತ್ತಿಯಿಂದ ಅವುಗಳಿಗೆ ಅನುಸ್ಥಾಪನೆಯ ಪ್ರತಿಯನ್ನು ಹೊರಡಿಸುತ್ತಿಲ್ಲ. ಅದೀಗ ನನ್ನ ಕಪಾಟಿನ ಭೂಷಣ. ಷೋಕಿಯೇ ಬೇರೆ, ಬಳಕೆಯೇ ಬೇರೆ.

ಬಳಕೆಗೆ 2011ರ ಎಕ್ಸ್220 ಸಾಕೆಂಬುದು ನನ್ನ ಮತ. ಅದು 64 ಬಿಟ್‌ನದು. ಏಳು ಸಾಲಿನ, ಬೆರಳಿಗೆ ಹಿತವಾದ ಅದರ ಕೀಲಿಮಣೆಯನ್ನು 2012ರ ಮಾದರಿಯಲ್ಲಿ ಬದಲಿಸಿಬಿಟ್ಟರು. ಯಾಕೋ ನಾ ಕಾಣೆ. ಕೆಲವೇ ತಿರುಪು ಬಿಚ್ಚಿದರೆ ಒಳಗಿನ ಹಾರ್ಡ್ ಡಿಸ್ಕ್ ಕೈಗೆ ಬರುತ್ತದೆ. ಅದರ ಜಾಗದಲ್ಲಿ ಎಸ್‌ಎಸ್‌ಡಿ ಕೂರಿಸಿ, ರ‍್ಯಾಮನ್ನು 8 ಜಿಬಿಗೆ ಏರಿಸಿ, ಲಿನಕ್ಸ್ ಮಿಂಟನ್ನು ಹಾಕಿದರೆ ಬರೆಯಲು, ಓದಲು, ಪತ್ರ ಕಳುಹಿಸಲು ಕೊರತೆಯಿಲ್ಲ. ಕನ್ನಡ ಕಗಪ ಕೀಲಿಮಣೆಯ ವಿನ್ಯಾಸವೂ ಅದರಲ್ಲಿ ಉಂಟು, ಆರಿಸಿಕೊಂಡರಾಯಿತು. ಹಳೆಯ ನುಡಿ ಕಡತಗಳನ್ನು ಮಾತ್ರ ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು, ಇಲ್ಲವಾದರೆ ತೆರೆದಾಗ ಕಾಣುವುದು ಯಾವ ಭಾಷೆಯೂ ಅಲ್ಲದ ಅಕ್ಷರಗಳ ಸಂತೆ. ಚಲಚ್ಚಿತ್ರ ಸಂಕಲನ ಮಾಡುವವರು ಬೇರೆ ಯಂತ್ರವನ್ನು ನೋಡಿಕೊಳ್ಳಲಿ.

ಕೊಳ್ಳುವಾಗ ಅಂಗಡಿಯಲ್ಲೇ ಪ್ರತಿಯೊಂದು ಕೀಲಿಯನ್ನೂ ಒತ್ತಿ ನೋಡಬೇಕು. ಪರದೆಯನ್ನು ಮಡಚಿ ತೆರೆಯಬೇಕು. ಬ್ಯಾಟರಿಯ ವಿಷಯದಲ್ಲಿ ಮಾರುವವನ ಮಾತನ್ನು ಪೂರ್ತಿ ನಂಬಬಾರದು. ಆ ಹುಡುಗಿ ಇವೆಲ್ಲವನ್ನೂ ಮಾಡಿಯೇ ಕೊಂಡಳು. ಆದರೂ ಬ್ಯಾಟರಿ ಒಂದು ಗಂಟೆಗಿಂತ ಹೆಚ್ಚು ಬಾಳುವುದಿಲ್ಲವಂತೆ. ಗ್ರಂಥಾಲಯದಲ್ಲಿ ಈಗ ದಿನವೂ ಪ್ಲಗ್ಗಿನ ಪಕ್ಕದ ಮೇಜನ್ನೇ ಹಿಡಿದು ಕುಳಿತಿರುತ್ತಾಳೆ. ಪ್ರಬಂಧ ಮೂರನೆಯ ಅಧ್ಯಾಯಕ್ಕೆ ಬಂದಿದೆ.