ಸರ್ಕಾರ ಕೊಂಡಿದ್ದಕ್ಕೇ ಸಿಟಿ ಬಸ್ ನಷ್ಟಕ್ಕೆ ಬಿತ್ತೇ?

"ಖಾಸಗಿಯವರ ಕೈಯಲ್ಲಿದ್ದಾಗ ಸಿಟಿ ಬಸ್ಸುಗಳು ಲಾಭದಲ್ಲಿದ್ದವು, ಸರ್ಕಾರ ಕೈಹಾಕಿದ ಮೇಲೆ ನಷ್ಟ ಶುರುವಾಯಿತು." ಇಂಥ ಮಾತನ್ನು ನಾವೆಲ್ಲ ಕೇಳಿದ್ದೇವೆ. ಇದು ಎಷ್ಟು ನಿಜ? ಖಾಸಗಿ ಉದ್ಯಮಕ್ಕೆ ಹೆಸರಾದ ಅಮೆರಿಕದಲ್ಲೇ ಏನಾಯಿತು ನೋಡೋಣ.

ನಷ್ಟ ಮೊದಲು, ಸರ್ಕಾರ ಆಮೇಲೆ

ಅಲ್ಲಿ 1946ರಲ್ಲಿ ಜನ ಬಸ್, ಟ್ರಾಮ್, ನಗರ ರೈಲುಗಳಲ್ಲಿ ಮಾಡಿದ ಪ್ರಯಾಣಗಳು ಸುಮಾರು 2,300 ಕೋಟಿ. 1972ರ ಹೊತ್ತಿಗೆ ಅದು 700 ಕೋಟಿಗಿಂತ ಕೆಳಗಿಳಿಯಿತು. ಜನ ಕಾರು ಕೊಂಡರು, ಊರಾಚೆಯ ಬಡಾವಣೆಗಳಿಗೆ ಹೋದರು. ಕಂಪನಿಗಳು ದರ ಏರಿಸಿ ಟ್ರಿಪ್ ಕಡಿತ ಮಾಡಿದವು. ಆಗ ಇನ್ನಷ್ಟು ಜನ ಬಸ್ ಬಿಟ್ಟರು. ಕಾರಿಲ್ಲದವರು, ವೃದ್ಧರು, ವಿದ್ಯಾರ್ಥಿಗಳು ಮಾತ್ರ ನಿಲ್ದಾಣದಲ್ಲಿ ಕಾಯುತ್ತ ಉಳಿದರು.

ಹಣ ಎಲ್ಲಿಂದ ಬಂತು?

1964ರ ಜುಲೈ 9ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ನಗರ ಸಾರಿಗೆ ಕಾಯ್ದೆಗೆ ಸಹಿ ಹಾಕಿದರು. ಮೂರು ವರ್ಷಕ್ಕೆ 37.5 ಕೋಟಿ ಡಾಲರ್ ನಿಗದಿಯಾಯಿತು. ಬಂಡವಾಳ ವೆಚ್ಚದ ಮೂರನೇ ಎರಡು ಪಾಲಿನವರೆಗೆ ಕೇಂದ್ರ ಕೊಡಬಹುದಿತ್ತು, ಉಳಿದದ್ದು ಸ್ಥಳೀಯರ ಹೊಣೆ. ನೌಕರರ ಹಿತ ಕಾಯಬೇಕೆಂಬ ಷರತ್ತೂ ಇತ್ತು. ಮುಂದಿನ ವರ್ಷಗಳಲ್ಲಿ ಊರಿಂದ ಊರಿಗೆ ಖಾಸಗಿ ಬಸ್ ಕಂಪನಿಗಳು ಸಾರ್ವಜನಿಕ ಸಂಸ್ಥೆಗಳ ಕೈಸೇರಿದವು.

ಅಟ್ಲಾಂಟಾವನ್ನೇ ನೋಡಿ. 1971ರಲ್ಲಿ ಅಲ್ಲಿನ ಮತದಾರರು ಸಾರಿಗೆಗಾಗಿ ಮಾರಾಟ ತೆರಿಗೆ ಕಟ್ಟಲು ಒಪ್ಪಿದರು. 1972ರಲ್ಲಿ ಸಾರಿಗೆ ಸಂಸ್ಥೆ 'ಮಾರ್ಟಾ' ಖಾಸಗಿ ಕಂಪನಿಯನ್ನು 1.29 ಕೋಟಿ ಡಾಲರ್‌ಗೆ ಕೊಂಡು, ಟಿಕೆಟ್ ದರವನ್ನು 40 ಸೆಂಟ್‌ನಿಂದ 15 ಸೆಂಟ್‌ಗೆ ಇಳಿಸಿತು. ಪ್ರಯಾಣಿಕರು ಹೆಚ್ಚಿದರು.

ಹಾಗಾದರೆ ಸರ್ಕಾರವೇ ಮದ್ದೇ?

ಅದೂ ಅರ್ಧ ಸತ್ಯವೇ. ಬಸ್ ಕೊಳ್ಳುವುದು ಒಮ್ಮೆಯ ಖರ್ಚು. ಡೀಸೆಲ್, ಸಂಬಳ, ರಿಪೇರಿ ದಿನದಿನದ ಖರ್ಚು. 1964ರ ಕಾಯ್ದೆ ಇದಕ್ಕೆ ಹಣ ಕೊಡಲಿಲ್ಲ. ನಗರಗಳು ಏದುಸಿರು ಬಿಟ್ಟ ಮೇಲೆ, 1974ರಲ್ಲಿ ಆ ನೆರವೂ ಸಿಕ್ಕಿತು.

ನಮ್ಮ ಬೆಂಗಳೂರಿನಲ್ಲೂ 1940ರಲ್ಲಿ ಶುರುವಾದ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ ಖಾಸಗಿಯದೇ. 1956ರಲ್ಲಿ ಸರ್ಕಾರ ಅದನ್ನು ವಹಿಸಿಕೊಂಡಿತು. ಇಂದಿನ ಬಿಎಂಟಿಸಿಯ ಬೇರು ಅಲ್ಲಿದೆ.

ಆದ್ದರಿಂದ ಬಸ್ ನಷ್ಟದ ಬಗ್ಗೆ ಫಾರ್ವರ್ಡ್ ಬಂದರೆ ಎರಡು ಪ್ರಶ್ನೆ ಕೇಳಿ: ನಷ್ಟ ಶುರುವಾದದ್ದು ಯಾವಾಗ? ಬಸ್ ನಿಂತಿದ್ದರೆ ಯಾರು ನಡೆದು ಹೋಗಬೇಕಿತ್ತು? ಉತ್ತರ ಸಿಕ್ಕ ಮೇಲೆ ಹಂಚಿ.